ಚಕ್ರಮುನಿ ಸೊಪ್ಪು: ಆಹಾರತಜ್ಞೆಯೊಡನೆ ಪ್ರಶ್ನೋತ್ತರ

ಪುತ್ತೂರಿನ ಸದಸ್ಯೆ: ನಮಸ್ಕಾರ ಮೇಡಂ. ಚಕ್ರಮುನಿಯನ್ನು ಕುಂಡದಲ್ಲಿ ಬೆಳೆಸಬಹುದೇ?

ಆಹಾರತಜ್ಞೆ: ಬೆಳೆಸಬಹುದು. ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ನೀರು ನಿಲ್ಲದ ಮಣ್ಣಿನಲ್ಲಿ, ಅರೆನೆರಳಿನಲ್ಲಿ ಊರಿ. ಗಿಡ ಸೊಂಟದೆತ್ತರ ದಾಟದಂತೆ ಸವರುತ್ತಿದ್ದರೆ ಚಿಗುರಿಗೆ ಬರವಿರುವುದಿಲ್ಲ.

ಮೈಸೂರಿನ ಸದಸ್ಯ: ತೂಕ ಇಳಿಯಲೆಂದು, ವಾಟ್ಸಾಪ್ ಸಂದೇಶವೊಂದನ್ನು ನಂಬಿ, ಹಸಿ ಚಕ್ರಮುನಿಯನ್ನು ಅನಾನಸಿನೊಡನೆ ರುಬ್ಬಿ ಅಮ್ಮನಿಗೆ ದಿನವೂ ಒಂದು ಲೋಟ ಕೊಡುತ್ತಿದ್ದೇವೆ. ಈಚೆಗೆ ಒಣಕೆಮ್ಮು ಬಿಡುತ್ತಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಸೊಪ್ಪಿನ ತಂಪು ಕಾರಣವಿರಬಹುದೇ?

ಆಹಾರತಜ್ಞೆ: ರಸವನ್ನು ಈ ಕ್ಷಣವೇ ನಿಲ್ಲಿಸಿ. ಇದು ತಂಪಿನ ಮಾತಲ್ಲ. 1994-95ರ ಸುಮಾರಿಗೆ ತೈವಾನಿನಲ್ಲಿ ತೂಕ ಇಳಿಸಲು ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ 200ಕ್ಕೂ ಹೆಚ್ಚು ಜನರಿಗೆ ಶ್ವಾಸಕೋಶದ ಕಿರುನಾಳಗಳು ಕಲೆಗಟ್ಟಿ ಮುಚ್ಚಿಕೊಳ್ಳುವ ಕಾಯಿಲೆ ಬಂದಿತು; ರಸ ಬಿಟ್ಟ ಮೇಲೂ ಹಲವರ ಉಸಿರು ಮೊದಲಿನಂತಾಗಲಿಲ್ಲ, ಕೆಲವರಿಗೆ ಶ್ವಾಸಕೋಶದ ಕಸಿಯೇ ಬೇಕಾಯಿತು. ಅಮ್ಮನವರ ಕೆಮ್ಮಿಗೆ ಬೇರೆ ಕಾರಣವೂ ಇರಬಹುದು, ಆದರೆ ಅದನ್ನು ಇಲ್ಲಿ ಕುಳಿತು ಊಹಿಸುವಂತಿಲ್ಲ. ಇಂದೇ ಶ್ವಾಸಕೋಶತಜ್ಞರ ಬಳಿ ಕರೆದೊಯ್ದು, ರಸ ಕುಡಿದ ವಿಷಯವನ್ನು ಮುಚ್ಚಿಡದೆ ಹೇಳಿ. ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದುಂಟು. ಆದ್ದರಿಂದ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯ ಬಗ್ಗೆಯೂ ಕೇಳಿ.

ಶಿರಸಿಯ ಸದಸ್ಯ: ನಮ್ಮ ಹಿತ್ತಲಲ್ಲಿ ಅಜ್ಜಿಯ ಕಾಲದಿಂದ ಇದೆ. ತಂಬುಳಿ ಉಂಡು ಯಾರೂ ಕೆಮ್ಮಲಿಲ್ಲ. ತೈವಾನಿನ ಕಥೆ ಔಷಧ ಕಂಪನಿಯವರದ್ದಿರಬೇಕು.

ಬೆಂಗಳೂರಿನ ಸದಸ್ಯೆ: ನಿಮ್ಮ ತಂಬುಳಿಗೆ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಕಾಯಿಯೊಡನೆ ರುಬ್ಬಿ, ಮಜ್ಜಿಗೆ ಬೆರೆಸಿ ಒಂದು ಸೌಟು ಬಡಿಸುತ್ತೀರಿ. ಹಸಿ ರಸಕ್ಕೆ ಅದನ್ನು ಸಾಕ್ಷಿ ಮಾಡಬೇಡಿ.

ಶಿರಸಿಯ ಸದಸ್ಯ: ಪೇಟೆಯವರು ನಮಗೆ ತಂಬುಳಿ ಕಲಿಸಬೇಕಾಗಿಲ್ಲ.

ಹಾಸನದ ಸದಸ್ಯೆ: ಬಾಣಂತಿಗೆ ಹಾಲು ಹೆಚ್ಚಲು ಕೊಡಬಹುದೇ?

ಕಲಬುರಗಿಯ ಸದಸ್ಯ: ಅರ್ಧ ಲೋಟ ಹಸಿ ರಸವಾದರೆ?

ಆಹಾರತಜ್ಞೆ: ಹಸಿ ರಸ ಅರ್ಧ ಲೋಟವೂ ಬೇಡ, ಬಾಣಂತಿಗೂ ಬೇಡ. ಕಾರಣ ಮೇಲೆ ಬರೆದಿದ್ದೇನೆ.

ತುಮಕೂರಿನ ಸದಸ್ಯೆ: ಜೇನು ಸೇರಿಸಿದರೆ ದೋಷ ಹೋಗುತ್ತದೆಂಬ ಸಂದೇಶ ಬಂದಿದೆ, ಹಾಕಲೇ?

ಆಹಾರತಜ್ಞೆ: ಹಾಕಬೇಡಿ, ಆ ಸಂದೇಶವನ್ನು ಅಳಿಸಿ. ಶಿರಸಿಯವರೇ, ಮಲೇಷ್ಯಾದವರೂ ಇದನ್ನು ಬಹುಕಾಲದಿಂದ ಬೇಯಿಸಿ ತಿನ್ನುತ್ತಾ ಬಂದಿದ್ದಾರೆ. ನಿಮ್ಮ ಅಜ್ಜಿಯ ಅಡುಗೆಯನ್ನು ಯಾರೂ ದೂರಿಲ್ಲ. ವಾದ ಸಾಕು. ಮೈಸೂರಿನವರು ವೈದ್ಯರನ್ನು ಕಂಡರೇ ಎಂಬುದನ್ನು ಮೊದಲು ತಿಳಿಸಲಿ.