ಟಾಂಗಾ ಕುದುರೆಯ ಬೆನ್ನಿನ ಹುಣ್ಣು: ಹತ್ತಿ ಕುಳಿತವರ ಹೊಣೆ ಏನು?

ಪ್ರಶ್ನೆ: ಮೈಸೂರು ನಿವಾಸಿ

ಮಾನ್ಯರೇ, ಕಳೆದ ದಸರಾ ರಜೆಯಲ್ಲಿ ಮನೆಗೆ ಬಂದಿದ್ದ ನೆಂಟರನ್ನು ಅರಮನೆಯ ಸುತ್ತ ಟಾಂಗಾದಲ್ಲಿ ಸುತ್ತಾಡಿಸಲು ಕರೆದೊಯ್ದಿದ್ದೆ. ದೊಡ್ಡವರೇ ಆರು ಜನ ಹತ್ತಿದೆವು. ಗಾಡಿಯವರ ಪಕ್ಕದಲ್ಲಿ ಕುಳಿತಿದ್ದ ನನಗೆ, ಮೂಕಿಯ (ಕುದುರೆಯ ಎರಡೂ ಪಕ್ಕಕ್ಕೆ ಬರುವ ಗಾಡಿಯ ಕೋಲಿನ) ಭಾರ ಹೊರುವ ಬೆನ್ನುಪಟ್ಟಿಯ ಅಂಚಿನಲ್ಲಿ ಅಂಗೈಯಗಲದ ಹಸಿ ಹುಣ್ಣು ಕಾಣಿಸಿತು. ಅದಕ್ಕೆ ಅರಿಶಿನ ಮೆತ್ತಿದ್ದರು. ಪಟ್ಟಿ ಅಲುಗಿದಾಗಲೆಲ್ಲ ಆ ಜಾಗದ ಚರ್ಮ ನಡುಗುತ್ತಿತ್ತು. ಇಳಿದುಬಿಡುತ್ತೇವೆಂದರೆ, ಬೆಳಗಿನಿಂದ ಬೋಣಿಯೇ ಆಗಿಲ್ಲವೆಂದು ಗಾಡಿಯವರು ಕೈಮುಗಿದರು. ನಾನು ಇಳಿಯಲಿಲ್ಲ, ಅದಕ್ಕಾಗಿ ಇಂದಿಗೂ ನೊಂದುಕೊಳ್ಳುತ್ತೇನೆ. ಇಂಥ ಸಂದರ್ಭದಲ್ಲಿ ಕಾನೂನು ಏನು ಹೇಳುತ್ತದೆ? ನಮ್ಮಂಥವರು ಸವಾರಿಯನ್ನೇ ಬಿಟ್ಟರೆ ಕುದುರೆಗೆ ಒಳಿತಾಗುತ್ತದೆಯೇ?

ಉತ್ತರ 1: ನಿವೃತ್ತ ಪಶುವೈದ್ಯ

ತಾವು ಕಂಡ ಹುಣ್ಣಿಗೂ ಆರು ಜನ ಹತ್ತಿದ್ದಕ್ಕೂ ನೇರ ಸಂಬಂಧವಿದೆ. ಟಾಂಗಾಕ್ಕೆ ಇರುವುದು ಎರಡೇ ಚಕ್ರ. ಹಿಂದೆ ಮುಂದೆ ತೂಕ ಸರಿಹೊಂದದೆ ಮುಂಭಾಗ ಭಾರವಾದರೆ ಆ ಭಾರವೆಲ್ಲ ಮೂಕಿಗಳ ಮೂಲಕ ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ, ಬೆವರು ಮತ್ತು ಧೂಳು ಸೇರಿ ಪಟ್ಟಿ ಉಜ್ಜಿದಲ್ಲಿ ಚರ್ಮ ಕಿತ್ತುಬರುತ್ತದೆ. ಅರಿಶಿನವಾಗಲಿ ಮುಲಾಮಾಗಲಿ ಅದನ್ನು ಮಾಯಿಸಲಾರದು. ಪಟ್ಟಿಯ ಒತ್ತಡ ತಪ್ಪಿದರೆ ಮಾತ್ರ ಮಾಯುತ್ತದೆ, ಅಂದರೆ ಕುದುರೆಗೆ ದಿನಗಟ್ಟಲೆ ರಜೆ ಬೇಕು.

ಕಾನೂನು ಹೊಸದೇನಲ್ಲ. ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲೇ ಮಾಡಿದ ನಿಯಮಗಳ ಪ್ರಕಾರ ಗಾಡಿಯಲ್ಲಿ, ಗಾಡಿಯವರನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು, ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ದಿನಕ್ಕೆ 9 ಗಂಟೆಗಿಂತ ಹೆಚ್ಚಾಗಿ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚಾಗಿ ದುಡಿಸುವಂತಿಲ್ಲ. 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಮುಳ್ಳಿನ ಕಡಿವಾಣಕ್ಕೂ ನಿಷೇಧವಿದೆ. ಆದರೆ ಮೈಸೂರಿನಲ್ಲಿ 37 ಡಿಗ್ರಿ ದಾಟುವ ದಿನಗಳೇ ವಿರಳವಾದ್ದರಿಂದ, ಕಾದ ಡಾಂಬರಿನ ಮೇಲೆ ನಿಂತ ಕುದುರೆಗೆ ಆ ಮಾತು ನೆರಳಾಗುವುದಿಲ್ಲ. ದಂಡದ ವಿಷಯವಂತೂ ನನಗೆ ಸಂಕಟ ತರುತ್ತದೆ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮೊದಲ ತಪ್ಪಿಗೆ ಬರೆದದ್ದು 10ರಿಂದ 50 ರೂಪಾಯಿ.

ಹತ್ತುವ ಮೊದಲು ಕುದುರೆ ನಾಲ್ಕು ಹೆಜ್ಜೆ ಇಡುವುದನ್ನು ನೋಡಿ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೂರುವಾಗ ತಲೆ ಮೇಲಕ್ಕೇಳುತ್ತದೆ. ಅದು ಕಂಡರೆ ಹತ್ತಬೇಡಿ.

ಉತ್ತರ 2: ಗಾಡಿ ಮನೆತನದವ

ಡಾಕ್ಟರು ಹೇಳಿದ ರಜೆಯ ಮಾತು ಸತ್ಯ, ಆದರೆ ರಜೆಯ ದಿನವೂ ಕುದುರೆ ಹುರುಳಿ, ಬೂಸಾ, ಹುಲ್ಲು ತಿನ್ನುತ್ತದೆ, ಆರು ವಾರಕ್ಕೊಮ್ಮೆ ಲಾಳ ಬದಲಿಸಬೇಕಾಗುತ್ತದೆ. ನಮ್ಮ ತಂದೆ ರಾತ್ರಿ ಕುದುರೆಯ ಮೈ ತಿಕ್ಕಿ, ಗೊರಸಿನ ಸಂದಿಯ ಕಲ್ಲು ತೆಗೆದ ಮೇಲೆಯೇ ತಾವು ಊಟಕ್ಕೆ ಕೂರುತ್ತಿದ್ದರು. ಆದರೂ ಗಿರಾಕಿಗಳು ಆರು ಜನ ನಿಂತು "ಒಂದೇ ಗಾಡಿಯಲ್ಲಿ ಹೋಗೋಣ" ಎಂದಾಗ ಅವರು ಬೇಡವೆಂದದ್ದನ್ನು ನಾನು ಕಂಡಿಲ್ಲ. ಅವರು ಬೇಡವೆಂದಿದ್ದರೆ ಪಕ್ಕದ ಗಾಡಿಯವರು ಹತ್ತಿಸಿಕೊಳ್ಳುತ್ತಿದ್ದರು. ನೀವು ಎರಡು ಗಾಡಿ ಮಾಡಿ, ಚೌಕಾಸಿ ಮಾಡಬೇಡಿ. ನಿಲ್ದಾಣದಲ್ಲಿ ನೆರಳು ಮತ್ತು ನೀರಿನ ತೊಟ್ಟಿ ಬೇಕೆಂದು ನಮ್ಮ ಜೊತೆ ನೀವೂ ಪಾಲಿಕೆಗೆ ಅರ್ಜಿ ಕೊಡಿ, ಏಕೆಂದರೆ ಬಿಸಿಲಿನಲ್ಲಿ ದುಡಿಯುವ ಕುದುರೆಗೆ ದಿನಕ್ಕೆ ನಾಲ್ಕೈದು ಬಕೆಟ್ ನೀರಾದರೂ ಬೇಕು, ಅದನ್ನು ಹೋಟೆಲಿನವರಲ್ಲಿ ಬೇಡಿ ತರುವ ಸ್ಥಿತಿ ಇರಬಾರದು.

ಉತ್ತರ 3: ಮುಂಬೈ ಕನ್ನಡಿಗ

ಇಲ್ಲಿಯ ವಿಕ್ಟೋರಿಯಾ ಸಾರೋಟುಗಳನ್ನು ಬಾಂಬೆ ಹೈಕೋರ್ಟ್ 2015ರಲ್ಲಿ ಕಾನೂನುಬಾಹಿರವೆಂದು ತೀರ್ಪಿತ್ತಿತು. ಕುದುರೆಗಳಿಗೂ ಅವುಗಳನ್ನು ನಂಬಿದವರಿಗೂ ಪುನರ್ವಸತಿ ಆಗಬೇಕೆಂದೂ ಹೇಳಿತು. ಅವುಗಳ ಬದಲಿಗೆ ಬ್ಯಾಟರಿಯ ಸಾರೋಟು ಬೀದಿಗಿಳಿದದ್ದು 2021ರಲ್ಲಿ. ನಡುವಿನ ಆ ವರ್ಷಗಳನ್ನು ನೋಡಿದವನಾಗಿ ನನ್ನ ಅಭಿಪ್ರಾಯವಿಷ್ಟು: ಗಳಿಕೆ ನಿಂತ ಕುದುರೆಗೆ ಮೇವು ಹಾಕುವವರು ಯಾರೆಂಬುದು ತೀರ್ಮಾನವಾಗದೆ ಸವಾರಿ ನಿಲ್ಲಿಸುವುದು ಕುದುರೆಗೆ ಮಾಡುವ ಉಪಕಾರವಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನೆರಳು ಮತ್ತು ತೊಟ್ಟಿಯ ಅರ್ಜಿಯನ್ನು ನಾನೇ ಬರೆಯುತ್ತೇನೆ, ನಾಲ್ವರ ಮಿತಿಯ ಫಲಕವನ್ನು ನಿಲ್ದಾಣದಲ್ಲಿ ಹಾಕಬೇಕೆಂದೂ ಅದರಲ್ಲಿ ಸೇರಿಸುತ್ತೇನೆ. ಭಾನುವಾರ ಆ ಗಾಡಿಯವರನ್ನು ಹುಡುಕಿಕೊಂಡು ಹೋಗುವವನಿದ್ದೇನೆ. ಹುಣ್ಣು ಮಾಯುವವರೆಗಿನ ಮೇವಿನ ಖರ್ಚನ್ನು ನಾನು ಕೊಡುವುದಾದರೆ ಕುದುರೆಯನ್ನು ಲಾಯದಲ್ಲೇ ಇರಿಸುವಿರಾ ಎಂದು ಕೇಳುತ್ತೇನೆ. ಡಾಕ್ಟರರೇ, ತಾವು ಒಂದು ಗಂಟೆ ಬಿಡುವು ಮಾಡಿಕೊಂಡು ಜೊತೆಗೆ ಬರಲು ಸಾಧ್ಯವೇ?