‘ದಿ ಪ್ರಿಸನರ್ ಆಫ್ ಝೆಂಡಾ’ (1937): ಮುಖ ಅಗಲ, ಸಬ್‌ಟೈಟಲ್ ತಡ, ಸಿನಿಮಾ 4 ನಿಮಿಷ ಗಿಡ್ಡ

ಬೆಣ್ಣೆಖಾಲಿ (ದಾವಣಗೆರೆ):
ಆಂಥೊನಿ ಹೋಪ್ ಕಾದಂಬರಿ ಓದಿದ ನಮ್ಮ ಬಳಗಕ್ಕೆ ಭಾನುವಾರ ಮಧ್ಯಾಹ್ನ ಈ ಚಿತ್ರ ತೋರಿಸಬೇಕು. ಪರದೆ 12 ಅಡಿ ಅಗಲ, 16:9. ಲ್ಯಾಪ್‌ಟಾಪಿನಿಂದ ಹಾಕಿದರೆ ನಾಯಕ ರೊನಾಲ್ಡ್ ಕೋಲ್ಮನ್ ಮುಖ ಕುಂಬಳಕಾಯಿ. ನಾವೇ ಬರೆದ ಕನ್ನಡ ಸಬ್‌ಟೈಟಲ್ ಶುರುವಿಗೆ ಸರಿ, ಬರ್ತಾ ಬರ್ತಾ ಹಿಂದೆ ಬೀಳುತ್ತೆ. 101 ನಿಮಿಷದ್ದು 97ಕ್ಕೇ ಮುಗೀತು. ಕತ್ತರಿ ಬಿದ್ದಿದೆಯಾ?

ಹಳೇರೀಲು:
ಕತ್ತರಿ ಅಲ್ಲ ಸರ್. ನಿಮ್ಮದು ಪಾಲ್ (ಹಳೆಯ ಟಿವಿ ಪದ್ಧತಿ) ಡಿಸ್ಕ್. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರಲ್ಲಿ ಓಡಿಸುತ್ತೆ, ದನಿಯೂ ಒಂಚೂರು ಕೀರಲಾಗುತ್ತೆ. ಸಬ್‌ಟೈಟಲ್ ತಡವಾಗೋದೂ ಅದಕ್ಕೇ, ಅದರ ಸಮಯ 24ರ ಲೆಕ್ಕದ್ದು: ಒಂದು ಗಂಟೆಗೆ ಸುಮಾರು ಎರಡೂವರೆ ನಿಮಿಷ. ವಿಎಲ್‌ಸಿ ವಿಡಿಯೋ ಪ್ಲೇಯರಿನಲ್ಲಿ ಜಿ, ಎಚ್ ಕೀ ಒತ್ತುತ್ತಾ ಕೂತರೆ ಪ್ರಯೋಜನವಿಲ್ಲ, ಅವು ಇಡೀ ಫೈಲನ್ನು ಒಂದೇ ಅಳತೆಯಲ್ಲಿ ಸರಿಸುತ್ತವೆ. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್ ರೇಟ್ 23.976ರಿಂದ (ವಿಡಿಯೋದಲ್ಲಿ 24 ಅಂದರೆ ಸಾಮಾನ್ಯವಾಗಿ ಇದೇ) 25ಕ್ಕೆ ಬದಲಿಸಿ, ಯುಟಿಎಫ್-8ರಲ್ಲಿ ಸೇವ್ ಮಾಡಿ. ಇಲ್ಲದಿದ್ದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಜಾತ್ರೆ. ಅಕ್ಷರಕ್ಕೆ ಹಳದಿ ಬಣ್ಣ, ಕಪ್ಪು ಅಂಚು ಕೊಡಿ. ಪಟ್ಟಾಭಿಷೇಕದ ದೃಶ್ಯದ ಬಿಳುಪಲ್ಲಿ ಬಿಳಿ ಅಕ್ಷರ ಕರಗಿಹೋಗುತ್ತೆ.

ದುರ್ಗದ ಪ್ರೊಜೆಕ್ಟರ್:
ಮುಖದ ವಿಷಯ. ಚಿತ್ರದ ಅಗಲ-ಎತ್ತರದ ಅನುಪಾತ 1.37:1. ನಿಮ್ಮ ಪರದೆ ಎತ್ತರ 6.75 ಅಡಿ, ಹಾಗಾಗಿ ಚಿತ್ರ ಸುಮಾರು 9.25 ಅಡಿ ಅಗಲ ಬಂದರೆ ಸಾಕು. ವಿಎಲ್‌ಸಿಯಲ್ಲಿ ಎ ಕೀ ಒತ್ತಿ, ಅದಕ್ಕೆ ಹತ್ತಿರದ 4:3 ಮಾಡಿ. ಪರದೆ ತುಂಬಲಿ ಅಂತ ಸಿ ಒತ್ತಿ ಕ್ರಾಪ್ ಮಾಡಿದಿರೋ, ತಲೆಗಳು ಹೋದವು. ಉಳಿಯುವ ಎರಡೂ ಬದಿಗೆ ಹದಿನಾರೂವರೆ ಇಂಚಿನ ಕಪ್ಪು ಬಟ್ಟೆ ಇಳಿಬಿಡಿ.

ಮಧ್ಯಾಹ್ನದ ಶೋ ಅಂದಿರಲ್ಲ, ನನಗೆ ಅದೇ ಭಯ. ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು. ವೆಂಟಿಲೇಟರ್ ಬೆಳಕು ಬಿದ್ದಷ್ಟೂ ಕಪ್ಪು ಬೂದುಬಣ್ಣವಾಗುತ್ತೆ. ಬ್ರೈಟ್‌ನೆಸ್ ಏರಿಸಿದರೆ ಇನ್ನೂ ಕೆಡುತ್ತೆ: ಕೊನೆಯ ಕೋಟೆಯ ಕತ್ತಿವರಸೆಯ ನೆರಳೆಲ್ಲ ಹೊಗೆ. ವೆಂಟಿಲೇಟರ್ ಮುಚ್ಚಿ.

ಬೆಣ್ಣೆಖಾಲಿ:
ಸರಿಹೋಯ್ತು ರೀ. ಇನ್ನೊಂದು: ರಾಜನೂ ಅವನ ತದ್ರೂಪಿ ರುಡಾಲ್ಫನೂ ಇಬ್ಬರೂ ಕೋಲ್ಮನ್ನೇ, ಕೈ ಹೇಗೆ ಕುಲುಕಿದರು?

ಹಳೇರೀಲು:
ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ ಅವರ ಕರಾಮತ್ತು. ಕ್ಯಾಮೆರಾ ಮುಂದೆ ಗಾಜು; ಅದರ ಮೇಲೆ ಡ್ಯೂಪಿನ ತಲೆ, ಭುಜ ಬರುವಷ್ಟು ಜಾಗ ಮುಚ್ಚಿ, ಕೋಲ್ಮನ್ ಡ್ಯೂಪಿನ ಕೈ ಕುಲುಕುವುದನ್ನು ತೆಗೆದರು. ಫಿಲ್ಮ್ ಹಿಂದಕ್ಕೆ ಸುತ್ತಿ, ಈ ಸಲ ಉಳಿದದ್ದನ್ನೆಲ್ಲ ಮುಚ್ಚಿ, ಆ ಜಾಗದಲ್ಲಿ ಇನ್ನೊಂದು ವೇಷದ ಕೋಲ್ಮನ್ ತಲೆ, ಭುಜವನ್ನಷ್ಟೇ ತೆಗೆದರು. ಕೈ ಡ್ಯೂಪಿನದು, ತಲೆ, ಭುಜ ಕೋಲ್ಮನ್‌ದು. ನಡುವೆ ಕ್ಯಾಮೆರಾ ಕೂದಲೆಳೆ ಅಲುಗಿದ್ದರೂ ಭುಜದ ಹತ್ತಿರ ಗೆರೆ ಬೀಳುತ್ತಿತ್ತು.

ದುರ್ಗದ ಪ್ರೊಜೆಕ್ಟರ್:
ಡಿಸ್ಕ್ ಹಾಕುವ ಮುನ್ನ ನಾಯಕನಟನ ಹೆಸರು ನೋಡಿಕೊಳ್ಳಿ. ಸ್ಟೂವರ್ಟ್ ಗ್ರೇಂಜರ್ ಅಂತಿದ್ದರೆ ಅದು 1952ರ ಬಣ್ಣದ್ದು.