ಪ್ಲಾಸ್ಟರ್ ಹಾಕಿದ ಕಾಲು, ಕುರ್ಚಿ ಮತ್ತು ಫರ್ಝ್ ನಮಾಝ್: ಪ್ರಶ್ನೋತ್ತರ

ಪ್ರಶ್ನೆ: ಅಸ್ಸಲಾಮು ಅಲೈಕುಂ ಉಸ್ತಾದರೇ. ನನ್ನ ತಂದೆಯವರು ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡಿದ್ದಾರೆ. ಶಸ್ತ್ರಚಿಕಿತ್ಸೆಯ ಬಳಿಕ ಪಾದದಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಮಂಡಿ ಮಡಚಲು ಆಗುವುದಿಲ್ಲ. ವಾಕರ್ ಹಿಡಿದು ಎಡಗಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬಹುದೆಂದು ವೈದ್ಯರು ಹೇಳಿದ್ದಾರೆ. ಕಾಲು ತೊಳೆಯದೆ ವುಝೂ (ನಮಾಝಿಗೆ ಮುನ್ನ ಅಂಗಗಳನ್ನು ತೊಳೆಯುವ ಶುದ್ಧಿ) ಪೂರ್ಣವಾಗುವುದಿಲ್ಲ, ಪ್ಲಾಸ್ಟರ್ ಬಿಚ್ಚಿದ ಮೇಲೆ ಎಲ್ಲವನ್ನೂ ಖಝಾ (ತಪ್ಪಿದ ನಮಾಝನ್ನು ಆಮೇಲೆ ನಿರ್ವಹಿಸುವುದು) ಮಾಡುತ್ತೇನೆ ಎಂದು ಅವರು ನಮಾಝನ್ನೇ ಬಿಟ್ಟಿದ್ದಾರೆ. ನಮ್ಮದು ಶಾಫಿಈ ಮದ್ಹಬ್ (ಇಸ್ಲಾಮೀ ಧರ್ಮವಿಧಿಯ ಒಂದು ಪಂಥ). ಅವರು ವುಝೂ ಹೇಗೆ ಮಾಡಬೇಕು, ನಮಾಝನ್ನು ಕುರ್ಚಿಯಲ್ಲಿ ಕುಳಿತು ಮಾಡಬಹುದೇ?

ಉತ್ತರ: ವ ಅಲೈಕುಮುಸ್ಸಲಾಂ. ಅಲ್ಲಾಹು ನಿಮ್ಮ ತಂದೆಯವರಿಗೆ ಬೇಗನೆ ಶಿಫಾ (ಗುಣ) ನೀಡಲಿ. ಮೊದಲು ಅವರಿಗೆ ತಿಳಿಸಬೇಕಾದ ಮಾತು ಇದು: ಪ್ರಜ್ಞೆ ಇರುವವರೆಗೆ ಫರ್ಝ್ (ಕಡ್ಡಾಯ) ನಮಾಝನ್ನು ಅದರ ಸಮಯ ದಾಟಿಸಿ ಮುಂದೂಡಲು ಕಾಲಿನ ಪ್ಲಾಸ್ಟರ್ ಕಾರಣವಾಗುವುದಿಲ್ಲ. ರೋಗಿಗೆ ಶರೀಅತ್ ಕೊಟ್ಟಿರುವ ರಿಯಾಯಿತಿಯು ಅವನಿಂದ ಆಗದ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಆಗುವ ಭಾಗ ಅವನ ಮೇಲೆ ಹಾಗೆಯೇ ಉಳಿಯುತ್ತದೆ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್ (ರ) ನಮಾಝಿನ ಬಗ್ಗೆ ಕೇಳಿದಾಗ ಪ್ರವಾದಿಯವರು (ಸ), ನಿಂತು ನಮಾಝ್ ಮಾಡು, ಆಗದಿದ್ದರೆ ಕುಳಿತು ಮಾಡು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡು ಎಂದರು. ಸಹೀಹುಲ್ ಬುಖಾರಿ ಎಂಬ ಸಂಗ್ರಹದಲ್ಲಿರುವ ಈ ಹದೀಸಿನಲ್ಲಿ (ಪ್ರವಾದಿವಚನದಲ್ಲಿ), ಗುಣವಾಗುವವರೆಗೆ ಬಿಟ್ಟುಬಿಡು ಎಂಬ ನಾಲ್ಕನೆಯ ದಾರಿ ಇಲ್ಲ.

ವುಝೂವಿನಲ್ಲಿ ಮುಖ, ಮೊಣಕೈ ಸಮೇತ ಎರಡೂ ಕೈಗಳನ್ನು ತೊಳೆದು, ತಲೆ ಸವರಿ, ಎಡಗಾಲನ್ನು ಎಂದಿನಂತೆ ತೊಳೆಯಲಿ. ಬಲಗಾಲಿನ ಸರದಿ ಬಂದಾಗ, ಒದ್ದೆ ಕೈಯಿಂದ ಪ್ಲಾಸ್ಟರಿನ ಮೇಲೆ ಸವರಿದರೆ ಹನಫಿ ಮದ್ಹಬ್‌ನಂತೆ ಅಷ್ಟೇ ಸಾಕು, ತಯಮ್ಮುಮ್ (ನೀರಿನ ಬದಲು ಶುದ್ಧ ಮಣ್ಣಿನಿಂದ ಮುಖ, ಕೈ ಸವರುವುದು) ಬೇಕಿಲ್ಲ. ಶಾಫಿಈ ಮದ್ಹಬ್‌ನಲ್ಲಿ ಹಾಗೆ ಸವರುವುದರ ಜೊತೆಗೆ, ತೊಳೆಯಲಾಗದ ಭಾಗಕ್ಕೆ ಬದಲಾಗಿ ತಯಮ್ಮುಮ್ ಕೂಡ ಮಾಡಬೇಕು, ಮತ್ತು ಆ ತಯಮ್ಮುಮನ್ನು ಪ್ರತಿ ಫರ್ಝಿಗೂ ಹೊಸದಾಗಿ ಮಾಡಬೇಕು. ಚರ್ಮದ ಕಾಲುಚೀಲದ ಮೇಲೆ ಸವರಲು ಊರಲ್ಲಿರುವವನಿಗೆ 1 ದಿನ, ಪ್ರಯಾಣಿಕನಿಗೆ 3 ದಿನ ಎಂಬ ಮಿತಿ ಇದೆ. ಪ್ಲಾಸ್ಟರಿಗೆ ಅಂಥ ಮಿತಿ ಇಲ್ಲ, ಅಗತ್ಯ ಇರುವಷ್ಟು ದಿನವೂ ಸವರಬಹುದು.

ನಿಮ್ಮ ಮದ್ಹಬ್‌ನವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪ್ಲಾಸ್ಟರ್ ಹಾಕುವಾಗ ಅವರು ವುಝೂವಿನಲ್ಲಿ ಇರಲಿಲ್ಲವಾದರೆ (ಅಪಘಾತದಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ), ಶಾಫಿಈ ಮದ್ಹಬ್‌ನ ಪ್ರಬಲ ಅಭಿಪ್ರಾಯದಂತೆ ಈ ದಿನಗಳ ನಮಾಝ್‌ಗಳನ್ನು ಗುಣವಾದ ಮೇಲೆ ಮತ್ತೆ ನಿರ್ವಹಿಸಬೇಕು. ತಂದೆಯವರು ಬಹುಶಃ ಇದನ್ನೇ ಎಲ್ಲೋ ಕೇಳಿ, ಈಗ ಮಾಡುವುದರಿಂದ ಪ್ರಯೋಜನವಿಲ್ಲ ಎಂದುಕೊಂಡಿರಬೇಕು. ಆದರೆ ಮುಂದೆ ಮರಳಿ ಮಾಡಬೇಕೆಂಬ ವಿಧಿ ಈಗಿನ ನಮಾಝಿನ ಹೊಣೆಯನ್ನು ಇಳಿಸುವುದಿಲ್ಲ.

ಇನ್ನು ಕುರ್ಚಿಯ ವಿಷಯ. ಮಸೀದಿಗಳಲ್ಲಿ ಕುರ್ಚಿಗಳು ಹೆಚ್ಚುತ್ತಿವೆ. ಬಾಗಿಲವರೆಗೆ ನಡೆದು ಬಂದು, ನಿಂತು ಮಾತನಾಡಿ, ಇಕಾಮತ್ (ನಮಾಝ್ ಆರಂಭವಾಗುವ ಕರೆ) ಆದ ಕೂಡಲೇ ಕುಳಿತುಬಿಡುವವರನ್ನೂ ನೋಡುತ್ತೇವೆ. ಸುನ್ನತ್ (ಐಚ್ಛಿಕ) ನಮಾಝನ್ನು ಶಕ್ತನೂ ಕುಳಿತು ಮಾಡಬಹುದು, ಪ್ರತಿಫಲ ಅರ್ಧ ಮಾತ್ರ. ಫರ್ಝಿನಲ್ಲಿ ಮಾತ್ರ ನಿಲ್ಲುವುದು ಕಡ್ಡಾಯ ಘಟಕ. ನಿಮ್ಮ ತಂದೆಯವರು ನಿಲ್ಲಬಲ್ಲರು, ಆದರೆ ನೆಲದ ಮೇಲೆ ಸುಜೂದ್ (ಹಣೆಯೂರಿ ಸಾಷ್ಟಾಂಗ) ಮಾಡಲಾರರು. ಇಂಥವರಿಗೆ ಹನಫಿ ಮದ್ಹಬ್‌ನಲ್ಲಿ ನಿಲ್ಲುವ ಕಡ್ಡಾಯವೂ ಇಲ್ಲವಾಗುತ್ತದೆ. ಕುಳಿತು ಸನ್ನೆಯಿಂದ ಪೂರ್ತಿ ನಮಾಝ್ ಮಾಡಬಹುದು. ಶಾಫಿಈ ಮದ್ಹಬ್‌ನಲ್ಲಿ ಒಂದು ಘಟಕ ಆಗದಿದ್ದರೆ ಇನ್ನೊಂದು ಬಿದ್ದುಹೋಗುವುದಿಲ್ಲ. ಆದ್ದರಿಂದ ಅವರು ವಾಕರ್ ಹಿಡಿದು ನಿಂತು ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳಲಿ, ಫಾತಿಹಾ (ಕುರ್‌ಆನಿನ ಮೊದಲ ಅಧ್ಯಾಯ) ಓದಲಿ, ಸಾಧ್ಯವಾದಷ್ಟು ಬಾಗಿ ರುಕೂಅ್ ಮಾಡಲಿ, ಸುಜೂದಿಗೆ ಮಾತ್ರ ಕುರ್ಚಿಯಲ್ಲಿ ಕುಳಿತು ಆದಷ್ಟು ಮುಂದಕ್ಕೆ ಬಾಗಲಿ. ಮುಂದೆ ಮೇಜು ಇಟ್ಟು ಅದರ ಮೇಲೆ ಹಣೆ ಊರಬೇಕಾಗಿಲ್ಲ. ನಿಲ್ಲುವುದರಿಂದ ನೋವು ಹೆಚ್ಚುವ, ಮೂಳೆ ಕೂಡುವುದು ತಡವಾಗುವ, ಬೀಳುವ ಭಯವಿದ್ದರೆ ಕುಳಿತೇ ಮಾಡಲಿ. ಮನಸ್ಸಿನ ಏಕಾಗ್ರತೆಯೇ ಹೋಗುವಷ್ಟು ಕಷ್ಟವಾದರೂ ಕುಳಿತುಕೊಳ್ಳಬಹುದೆಂದು ಶಾಫಿಈ ವಿದ್ವಾಂಸ ಇಮಾಮುಲ್ ಹರಮೈನ್ ಅವರು ಹೇಳಿದ್ದಾರೆ. ಆಗ ರುಕೂಅ್‌ಗೆ ಸ್ವಲ್ಪ, ಸುಜೂದಿಗೆ ಅದಕ್ಕಿಂತ ಹೆಚ್ಚು ಬಾಗಬೇಕು. ಎರಡರ ನಡುವೆ ವ್ಯತ್ಯಾಸ ಕಾಣುವಂತಿರಬೇಕು.

ಮರುಪ್ರಶ್ನೆ (ಅದೇ ಸದಸ್ಯರು): ಜಝಾಕಲ್ಲಾಹ್ ಉಸ್ತಾದರೇ. ಶಸ್ತ್ರಚಿಕಿತ್ಸೆಯ ದಿನ ಅರಿವಳಿಕೆಯಿಂದಾಗಿ ಝುಹರ್ (ಮಧ್ಯಾಹ್ನ), ಅಸರ್ (ಅಪರಾಹ್ನ), ಮಗ್ರಿಬ್ (ಸೂರ್ಯಾಸ್ತ) ನಮಾಝ್ ಮೂರೂ ತಪ್ಪಿದವು. ಅವುಗಳ ವಿಧಿ ಏನು?

ಉತ್ತರ: ಪ್ರಜ್ಞೆ ತಪ್ಪಿದ್ದಾಗ ಹೋದ ನಮಾಝ್ 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಖಝಾ ಮಾಡಬೇಕು, ಹೆಚ್ಚಿದ್ದರೆ ಬೇಕಿಲ್ಲ ಎಂಬುದು ಹನಫಿ ವಿಧಿ. ಶಾಫಿಈ ಮದ್ಹಬ್‌ನಲ್ಲಿ ತನ್ನ ತಪ್ಪಿಲ್ಲದೆ ಪ್ರಜ್ಞೆ ಕಳೆದುಕೊಂಡವನಿಗೆ ಖಝಾ ಕಡ್ಡಾಯವಲ್ಲ. ಆದರೆ ಅರಿವಳಿಕೆಯು ನಾವೇ ಒಪ್ಪಿ ತೆಗೆದುಕೊಳ್ಳುವಂಥದ್ದು, ಕೆಲವೇ ಗಂಟೆಗಳಲ್ಲಿ ಇಳಿಯುವಂಥದ್ದು. ಹೀಗಾಗಿ ಅದನ್ನು ನಿದ್ದೆಯಂತೆ ಪರಿಗಣಿಸಿ ಖಝಾ ಮಾಡಬೇಕೆನ್ನುವ ವಿದ್ವಾಂಸರು ಈಗ ಅನೇಕರಿದ್ದಾರೆ, ನನಗೂ ಅದೇ ಸರಿಯೆನಿಸುತ್ತದೆ. ಮೂರೇ ನಮಾಝ್ ತಾನೇ, ಕ್ರಮವಾಗಿ ಮಾಡಿಬಿಡಲಿ. ಶಸ್ತ್ರಚಿಕಿತ್ಸೆಗೆ ಹೋಗುವವರು, ಝುಹರ್ ಸಮಯ ಆಗಲೇ ಬಂದಿದ್ದರೆ, ಅದನ್ನು ಮುಗಿಸಿಯೇ ಒಳಗೆ ಹೋಗಬೇಕು. ಕಾಯಿಲೆಯ ಕಾರಣಕ್ಕೆ ಝುಹರ್ ಮತ್ತು ಅಸರ್ ಒಂದೇ ಸಮಯದಲ್ಲಿ ಜೋಡಿಸಿ ಮಾಡಲು ಹಂಬಲೀ ಮದ್ಹಬ್‌ನಲ್ಲಿ ಅನುಮತಿ ಇದೆ, ಶಾಫಿಈ ವಿದ್ವಾಂಸರಲ್ಲಿ ಇಮಾಂ ನವವಿಯವರೂ ಇದನ್ನು ಸಮರ್ಥಿಸಿದ್ದಾರೆ. ಹನಫಿ ಮದ್ಹಬ್‌ನಲ್ಲಿ ಇಲ್ಲ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ಉಸ್ತಾದರೇ, ನನ್ನ ತಾಯಿಗೆ ಮೂತ್ರ ಸದಾ ತೊಟ್ಟಿಕ್ಕುತ್ತದೆ. ನಾನು ಶುದ್ಧಳಲ್ಲ ಎಂದು ಅಳುತ್ತಾರೆ, ನಮಾಝಿಗೆ ಕುಳಿತುಕೊಳ್ಳುವುದೇ ಇಲ್ಲ.

ಉತ್ತರ: ಸಹೋದರಿ, ನಿಲ್ಲದ ರಕ್ತಸ್ರಾವದಿಂದ ಬಳಲುತ್ತಿದ್ದ ಫಾತಿಮಾ ಬಿಂತ್ ಅಬೂ ಹುಬೈಶ್ (ರ) ಕೂಡ, ನಾನು ಶುದ್ಧಳಾಗುವುದೇ ಇಲ್ಲ, ನಮಾಝ್ ಬಿಡಲೇ ಎಂದು ಪ್ರವಾದಿಯವರನ್ನು (ಸ) ಕೇಳಿದ್ದರು. ಬೇಡ ಎಂಬುದೇ ಅವರಿಗೆ ಸಿಕ್ಕ ಉತ್ತರ. ಪ್ರತಿ ನಮಾಝಿಗೆ ವುಝೂ ಮಾಡುವಂತೆ ಆದೇಶಿಸಲಾಯಿತು. ಇದನ್ನು ತಾಯಿಯವರಿಗೆ ಓದಿ ಹೇಳಿ. ನಮಾಝಿನ ಸಮಯ ಪ್ರವೇಶಿಸಿದ ಮೇಲೆ ಅವರು ಶುಚಿ ಮಾಡಿಕೊಂಡು, ಹೊಸ ಪ್ಯಾಡ್ ಇಟ್ಟು, ವುಝೂ ಮಾಡಿ, ತಡಮಾಡದೆ ನಮಾಝ್ ಮಾಡಲಿ. ನಡುವೆ ತೊಟ್ಟಿಕ್ಕಿದರೂ ನಮಾಝ್ ಸಿಂಧು. ಹನಫಿಯವರಾದರೆ, ಬೇರೆ ಕಾರಣದಿಂದ ವುಝೂ ಮುರಿಯದಿದ್ದಲ್ಲಿ, ಆ ಸಮಯ ಮುಗಿಯುವವರೆಗೆ ಅದೇ ವುಝೂವಿನಲ್ಲಿ ಖಝಾ, ಸುನ್ನತ್ ಎಲ್ಲವೂ ಆಗುತ್ತವೆ. ಶಾಫಿಈಯವರಾದರೆ ಒಂದು ವುಝೂವಿಗೆ ಒಂದು ಫರ್ಝ್, ಸುನ್ನತ್ ಎಷ್ಟಾದರೂ ಸರಿ. ಹನಫಿ ಮದ್ಹಬ್‌ನಲ್ಲಿ ಈ ವಿಧಿ ಅನ್ವಯವಾಗಲು, ವುಝೂ ಮಾಡಿ ಫರ್ಝ್ ಮುಗಿಸುವಷ್ಟೂ ಬಿಡುವಿಲ್ಲದೆ ಒಂದು ನಮಾಝಿನ ಪೂರ್ಣ ಸಮಯ ಕಳೆದಿರಬೇಕು. ದಿನದಲ್ಲಿ ಬಿಡುವು ಸಿಗುವ ಹೊತ್ತು ಯಾವುದಾದರೂ ಇದೆಯೇ ಎಂದು ಒಮ್ಮೆ ಗಮನಿಸಿ ಬರೆಯಿರಿ. ಉಳಿದುದನ್ನು ಅದರ ಮೇಲೆ ಹೇಳುತ್ತೇನೆ.